ಅಂಕಪಟ್ಟಿಯ ಮರೆಯಲ್ಲಿ ನಿಂತ ನಾವು

ಬಿ.ಎಸ್ಸಿ. ಮೊದಲ ವರ್ಷಕ್ಕೆ ಬಂದ ಮಕ್ಕಳ ಕೈಗೆ ಭೌತಶಾಸ್ತ್ರದ ಲ್ಯಾಬಿನಲ್ಲಿ ನಾವು ಮೊದಲು ಕೊಡುವ ಉಪಕರಣಗಳಲ್ಲಿ ಒಂದು ವರ್ನಿಯರ್ ಕ್ಯಾಲಿಪರ್ಸ್. ಅದರ ಲೀಸ್ಟ್ ಕೌಂಟ್ 0.01 ಸೆಂಟಿಮೀಟರ್. ಅದಕ್ಕಿಂತ ಸಣ್ಣದನ್ನು ಅದು ಅಳೆಯಲಾರದು. ಆದ್ದರಿಂದ ಯಾರಾದರೂ 2.347 ಎಂದು ಬರೆದು ತಂದರೆ ಕೊನೆಯ 7ರ ಕೆಳಗೆ ಕೆಂಪು ಗೆರೆ ಎಳೆದು, ‘ಈ ಏಳನ್ನು ಎಲ್ಲಿ ನೋಡಿದೆಯಪ್ಪ?’ ಎಂದು ಕೇಳುತ್ತೇವೆ. 31 ವರ್ಷ ನಾನು ಹಾಗೆ ಕೇಳಿದ್ದೇನೆ. ಅದೇ 31 ವರ್ಷಗಳಲ್ಲಿ 14 ಸಲ ಕಾಲೇಜಿನ ದತ್ತಿ ಬಹುಮಾನ ಸಮಿತಿಯಲ್ಲಿ ಕೂತು, ಶೇ. 91.4 ಬಂದವರಿಗೆ ಬಹುಮಾನ, ಶೇ. 91.1 ಬಂದವರಿಗೆ ಏನೂ ಇಲ್ಲ ಎಂದು ಟೈಪು ಮಾಡಿದ ಹಾಳೆಗೆ ಸಹಿಯನ್ನೂ ಹಾಕಿದ್ದೇನೆ. ಆ 0.3 ಅನ್ನು ನೀವು ಎಲ್ಲಿ ನೋಡಿದಿರಿ ಮೇಷ್ಟ್ರೇ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ತೀರಿಹೋದವರ ಹೆಸರಿನಲ್ಲಿ ಇಟ್ಟ ದತ್ತಿ ಬಹುಮಾನ, ವಿದ್ಯಾರ್ಥಿವೇತನ, ಚಿನ್ನದ ಪದಕಗಳನ್ನು ವಿಜ್ಞಾನದ ಮಕ್ಕಳಿಗೆ ಹೇಗೆ ಕೊಡಬೇಕು ಎಂದು ನಮ್ಮ ಯಾವ ಸ್ಟಾಫ್‌ರೂಮಿನಲ್ಲಿ ಕೇಳಿದರೂ ಬರುವ ಉತ್ತರ ಒಂದೇ: ಅಂಕ ನೋಡಿ ಕೊಡಿ, ಅದೊಂದೇ ನ್ಯಾಯ, ಅಂಕ ಬಿಟ್ಟರೆ ಬರುವುದು ವಶೀಲಿ. ಪ್ರಾಂಶುಪಾಲರೂ ಹೀಗೇ ಹೇಳುತ್ತಾರೆ, ಗುಮಾಸ್ತರೂ ಹೀಗೇ ಹೇಳುತ್ತಾರೆ, ಪಾಲಕರೂ ಹೀಗೇ ಹೇಳುತ್ತಾರೆ. ಒಳ್ಳೆಯ ಮನಸ್ಸಿನ, ಜಾತಿ ಪಕ್ಷಪಾತಕ್ಕೆ ಹೇಸುವ ಸಹೋದ್ಯೋಗಿಗಳು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾರೆ. ಈ ಮಾತು ತಪ್ಪು. ವಿಜ್ಞಾನ ಕಲಿಸುವವರ ಬಾಯಲ್ಲಂತೂ ಬರಲೇಬಾರದ ಮಾತು.

ಮೊದಲಿಗೆ, ನಾವು ಅಳತೆಗೋಲು ಎಂದು ನಂಬಿರುವುದೇ ಅಷ್ಟು ನಿಖರವಾದದ್ದಲ್ಲ. ಒಂದೇ ಉತ್ತರಪತ್ರಿಕೆಯನ್ನು ಇಬ್ಬರ ಕೈಗೆ ಕೊಟ್ಟರೆ ಇಬ್ಬರೂ ಒಂದೇ ಅಂಕ ಕೊಡುವುದಿಲ್ಲ. ಮೌಲ್ಯಮಾಪನ ಕೇಂದ್ರದಲ್ಲಿ ಒಂದು ದಿನ ಕೂತವರಿಗೂ ಇದು ಗೊತ್ತು. ವಿಶ್ವವಿದ್ಯಾಲಯಗಳಿಗೂ ಗೊತ್ತು. ಗೊತ್ತಿರುವುದರಿಂದಲೇ ಮರುಮೌಲ್ಯಮಾಪನ ಇದೆ. ಎರಡು ಮೌಲ್ಯಮಾಪನಗಳ ನಡುವೆ ಹೆಚ್ಚು ಅಂತರ ಬಂದರೆ ಮೂರನೆಯವರಿಗೆ ಕಳುಹಿಸುವ ಪದ್ಧತಿಯೂ ಇದೆ. ಅಂದರೆ ತನ್ನ ಅಳತೆಯಲ್ಲಿ ಇಷ್ಟು ಹೆಚ್ಚುಕಮ್ಮಿ ಉಂಟು ಎಂದು ವಿಶ್ವವಿದ್ಯಾಲಯ ತನ್ನ ನಿಯಮದಲ್ಲೇ ಒಪ್ಪಿಕೊಂಡಿದೆ. ಅಂಥ ಅಳತೆಯಲ್ಲಿ ದಶಮಾಂಶ ಬಿಂದುವಿನ ಆಚೆಯ ಅಂಕಿಯನ್ನು ಹಿಡಿದು ಒಬ್ಬರನ್ನು ವೇದಿಕೆಗೆ ಕರೆದು ಇನ್ನೊಬ್ಬರನ್ನು ಕೆಳಗೆ ಕೂರಿಸುವುದು ಯಾವ ನ್ಯಾಯ? ಮೊದಲ ವರ್ಷದ ಹುಡುಗ ಲ್ಯಾಬಿನಲ್ಲಿ ಹೀಗೆ ಮಾಡಿದರೆ ನಾವು ಅವನನ್ನು ತಿದ್ದುತ್ತೇವೆ.

ಅಂಕ ನಿಖರವೇ ಆಗಿದೆ ಎಂದಿಟ್ಟುಕೊಳ್ಳಿ. ಆಗಲೂ ಅದು ಅಳೆಯುವುದು ಏನನ್ನು? ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ ತಿರುವಿ, ಬರಬಹುದಾದ ಹತ್ತು ಡಿರೈವೇಶನ್ ಬಾಯಿಪಾಠ ಮಾಡಿ, ಗಡಿಯಾರ ನೋಡುತ್ತ ಬರೆದು ಮುಗಿಸುವ ಶಕ್ತಿಯನ್ನು. ಅದೂ ಒಂದು ಶಕ್ತಿಯೇ, ನಾನು ಹೀಗಳೆಯುವುದಿಲ್ಲ. ಆ ಮಕ್ಕಳ ಶ್ರಮವನ್ನು ಹತ್ತಿರದಿಂದ ನೋಡಿದ್ದೇನೆ. ಆದರೆ ಅದನ್ನು ಗೌರವಿಸಲು ರ‍್ಯಾಂಕ್ ಇದೆ, ಮುಂದಿನ ಸೀಟು ಇದೆ, ಪತ್ರಿಕೆಯಲ್ಲಿ ಫೋಟೊ ಇದೆ. ದತ್ತಿ ಇಟ್ಟವರು ಕೇಳಿದ್ದು ಬೇರೆಯದನ್ನು.

ನಮ್ಮ ಕಾಲೇಜಿನಲ್ಲಿ ಒಂದು ದತ್ತಿ ಇತ್ತು. ನಾನು ಕೆಲಸಕ್ಕೆ ಸೇರುವ ಮೊದಲೇ ತೀರಿಕೊಂಡಿದ್ದ ಭೌತಶಾಸ್ತ್ರದ ಮೇಷ್ಟ್ರೊಬ್ಬರ ಹೆಸರಿನಲ್ಲಿ ಅವರ ಹೆಂಡತಿ ಇಟ್ಟ 10,000 ರೂಪಾಯಿ ಠೇವಣಿ. ಬಡ್ಡಿ ಏಳು ನೂರು ಎಂಟು ನೂರು ಬರುತ್ತಿತ್ತು. ನಿವೃತ್ತಿಗೆ ಎರಡು ವರ್ಷವಿದ್ದಾಗ ಯಾವುದೋ ಕಾರಣಕ್ಕೆ ಹಳೆಯ ಫೈಲು ತೆಗೆಸಿದೆ. ಆ ತಾಯಿ ತಮ್ಮ ಕೈಯಾರೆ ಬರೆದ ಒಂದೂವರೆ ಪುಟದ ಕಾಗದ ಅದರಲ್ಲಿತ್ತು. ಬಹುಮಾನ ಯಾರಿಗೆ ಎಂಬಲ್ಲಿ ಅವರು ಬರೆದದ್ದರ ಸಾರ ಇಷ್ಟು: ಲ್ಯಾಬಿನಲ್ಲಿ ಕೈಯಾರೆ ಮಾಡಿ ನೋಡುವ, ಬಂದ ಉತ್ತರವನ್ನು ಹಾಗೆಯೇ ನಂಬದೆ ಮತ್ತೆ ಮಾಡಿ ನೋಡುವ ಹುಡುಗನಿಗೋ ಹುಡುಗಿಗೋ; ನಮ್ಮ ಯಜಮಾನರು ಇದ್ದಿದ್ದರೆ ಯಾರನ್ನು ಮೆಚ್ಚುತ್ತಿದ್ದರೋ ಅಂಥವರಿಗೆ. ಅದರ ಕೆಳಗೆ ಆಫೀಸಿನ ಟಿಪ್ಪಣಿ, ನೀಲಿ ಶಾಯಿಯಲ್ಲಿ: ‘ಅಂದರೆ ಭೌತಶಾಸ್ತ್ರದಲ್ಲಿ ಗರಿಷ್ಠ ಅಂಕ ಪಡೆದವರಿಗೆ.’

ಈ ‘ಅಂದರೆ’ಯ ವಿರುದ್ಧ ನನ್ನ ತಕರಾರು. ಒಂದು ಮನೆಯವರು ತಮ್ಮ ಮನುಷ್ಯನನ್ನು ನೆನೆದು ಬರೆದ ಒಂದೂವರೆ ಪುಟವನ್ನು ಆ ಮೂರಕ್ಷರ ನುಂಗಿಹಾಕಿತು. ಗುಮಾಸ್ತರ ಮೇಲೆ ಕೋಪವಿಲ್ಲ. ಅವರಿಗೆ ಪಟ್ಟಿ ಮಾಡಲು ಒಂದು ಕಾಲಂ ಬೇಕಿತ್ತು. ಆ ಟಿಪ್ಪಣಿಯ ಪಕ್ಕದಲ್ಲಿ ಅಂದಿನ ವಿಭಾಗ ಮುಖ್ಯಸ್ಥರ ಸಹಿ ಇದೆಯಲ್ಲ, ಆಮೇಲೆ ವರ್ಷವರ್ಷವೂ ನಮ್ಮೆಲ್ಲರ ಸಹಿ ಬಿತ್ತಲ್ಲ, ಅಲ್ಲಿದೆ ತಪ್ಪು.

ಅದೇ ದತ್ತಿಯ ಬಹುಮಾನ ಒಂದು ವರ್ಷ ಯಾರಿಗೆ ಹೋಗಬೇಕಿತ್ತು, ಯಾರಿಗೆ ಹೋಯಿತು ಎಂಬುದನ್ನು ಹೇಳುತ್ತೇನೆ. ಬಾರ್ ಪೆಂಡ್ಯುಲಂ ತೂಗಿಸಿ ಗುರುತ್ವ ವೇಗೋತ್ಕರ್ಷ, ಅಂದರೆ ‘ಜಿ’ ಕಂಡುಹಿಡಿಯುವ ಪ್ರಯೋಗ ಎಲ್ಲ ಬಿ.ಎಸ್ಸಿ. ಮಕ್ಕಳಿಗೂ ಗೊತ್ತು. ಪುಸ್ತಕದಲ್ಲಿ 980 ಅಥವಾ 981 ಎಂದಿರುತ್ತದೆ. ಕರ್ನಾಟಕದಲ್ಲಿ ನಿಜವಾದ ಬೆಲೆ 978ರ ಆಸುಪಾಸು. ಆದರೂ ವರ್ಷಕ್ಕೆ ನಲವತ್ತು ರೆಕಾರ್ಡುಗಳಲ್ಲಿ 980 ಬಂದಿರುತ್ತದೆ, ಏಕೆಂದರೆ ಮಕ್ಕಳು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ರೀಡಿಂಗ್ ಹೊಂದಿಸುತ್ತಾರೆ. ನಮಗೆ ಅದು ಗೊತ್ತಿರುತ್ತದೆ. ನಾವು ಟಿಕ್ ಹಾಕುತ್ತೇವೆ.

ಆ ವರ್ಷ ಒಬ್ಬ ಹುಡುಗನಿಗೆ 1008 ಬಂತು. ಪಕ್ಕದವರು ಸರಿ ಮಾಡಿಕೋ ಎಂದರು. ಅವನು ಮಾಡಿಕೊಳ್ಳಲಿಲ್ಲ. ಮತ್ತೆ ಮಾಡಿದ, ಮತ್ತೆ 1008ರ ಹತ್ತಿರವೇ. ಮೂರು ಸಂಜೆ ಅಟೆಂಡರನ್ನು ಒಪ್ಪಿಸಿ ಲ್ಯಾಬ್ ತೆಗೆಸಿಕೊಂಡ. ಮೊದಲ ದಿನ ಸ್ಕೇಲು ನೋಡಿದ, ಎರಡನೆಯ ದಿನ ಚಾಕುವಿನ ಅಲಗಿನಂಥ ಆ ಆಧಾರವನ್ನು ಮಟ್ಟ ಹಿಡಿದು ನೋಡಿದ. ಮೂರನೆಯ ದಿನ ಸ್ಟಾಪ್‌ಕ್ಲಾಕನ್ನು ತನ್ನ ಕೈಗಡಿಯಾರದ ಪಕ್ಕದಲ್ಲಿಟ್ಟು ಹತ್ತು ನಿಮಿಷ ಓಡಿಸಿದ. ಸ್ಟಾಪ್‌ಕ್ಲಾಕ್ 9 ಸೆಕೆಂಡ್ ಹಿಂದೆ ಬಿತ್ತು. 600ರಲ್ಲಿ 9, ಅಂದರೆ ಶೇ. 1.5. ತೂಗುವ ಅವಧಿ ಲೆಕ್ಕದಲ್ಲಿ ವರ್ಗವಾಗಿ ಬರುತ್ತದೆ, ಆದ್ದರಿಂದ ‘ಜಿ’ ಸುಮಾರು ಶೇ. 3 ಹೆಚ್ಚು ಕಾಣಿಸುತ್ತದೆ. ತಿದ್ದಿ ಲೆಕ್ಕ ಹಾಕಿದರೆ 978. ಅವನು ರೆಕಾರ್ಡಿನಲ್ಲಿ ಹಳೆಯ ಕೋಷ್ಟಕವನ್ನು ಹರಿಯದೆ, ಅದರ ಕೆಳಗೇ ಹೊಸ ಕೋಷ್ಟಕ ಬರೆದು, ನಡುವೆ ಸ್ಟಾಪ್‌ಕ್ಲಾಕಿನ ಕತೆಯನ್ನು ನಾಲ್ಕು ಸಾಲಿನಲ್ಲಿ ಬರೆದ. ಅದೆಷ್ಟು ವರ್ಷಗಳಿಂದ ಆ ಸ್ಟಾಪ್‌ಕ್ಲಾಕ್ ನಮ್ಮ ಲ್ಯಾಬಿನಲ್ಲಿ ಹಿಂದೆ ಬೀಳುತ್ತಿತ್ತೋ. ಅದರಲ್ಲೇ ಎಲ್ಲ ಮಕ್ಕಳೂ 980 ತಂದಿದ್ದರು.

ರೆಕಾರ್ಡ್ ಗಲೀಜಾಗಿದೆ, ಎರಡೆರಡು ಟೇಬಲ್ ಇದೆ ಎಂದು ಅವನಿಗೆ ಅಂಕ ಕಡಿಮೆಯಾಯಿತು. ವರ್ಷದ ಕೊನೆಗೆ ಭೌತಶಾಸ್ತ್ರದಲ್ಲಿ ಅವನು ಮೂರನೆಯವನಾದ. ಆ ತಾಯಿಯ ದತ್ತಿಯ ಬಹುಮಾನ ಇನ್ನೊಬ್ಬ ವಿದ್ಯಾರ್ಥಿನಿಗೆ ಹೋಯಿತು. ಅವಳದು ಮುತ್ತು ಪೋಣಿಸಿದಂಥ ಅಕ್ಷರ, ನೇರ ಗೆರೆ, 980. ಅವಳದು ಎಳ್ಳಷ್ಟೂ ತಪ್ಪಿಲ್ಲ. ನಾವು ಏನು ಕೇಳಿದೆವೋ ಅದನ್ನು ಅವಳು ಕೊಟ್ಟಳು. ಕೇಳಿದ್ದೇ ತಪ್ಪು. ಆ ಮೇಷ್ಟ್ರು ಇದ್ದಿದ್ದರೆ ಯಾರನ್ನು ಮೆಚ್ಚುತ್ತಿದ್ದರು ಎಂದು ಯೋಚಿಸಲು ಸಮಿತಿಯ ನಾವು ನಾಲ್ವರು ಒಂದು ನಿಮಿಷವನ್ನೂ ಕೊಡಲಿಲ್ಲ. ಪಟ್ಟಿ ಬಂತು, ಸಹಿ ಬಿತ್ತು, ಚಹಾ ಬಂತು.

ಒಂದು ಕಾಲೇಜಿನ ಈ ಕತೆಯನ್ನು ವಿಶ್ವವಿದ್ಯಾಲಯದ ಮಟ್ಟಕ್ಕೆ ಹಿಗ್ಗಿಸಿ ನೋಡಿ. ಘಟಿಕೋತ್ಸವದ ಮರುದಿನದ ಪತ್ರಿಕೆಯಲ್ಲಿ ಒಬ್ಬರೇ ಹತ್ತು, ಹದಿನೈದು, ಇಪ್ಪತ್ತು ಪದಕಗಳನ್ನು ಕೊರಳಿಗೆ ಹಾಕಿಕೊಂಡು ನಿಂತ ಚಿತ್ರ ಬರುತ್ತದೆ. ನಾವು ಹೆಮ್ಮೆಪಡುತ್ತೇವೆ. ಆ ಮಗುವಿನ ಬಗ್ಗೆ ಹೆಮ್ಮೆ ಪಡೋಣ. ಆದರೆ ಆ ಇಪ್ಪತ್ತು ಪದಕಗಳ ಹಿಂದೆ ಇಪ್ಪತ್ತು ಮನೆಗಳಿವೆ. ಒಬ್ಬರು ಸಾವಯವ ರಸಾಯನಶಾಸ್ತ್ರದಲ್ಲಿ ಬದುಕು ಸವೆಸಿದ ತಂದೆಯ ನೆನಪಿಗೆ ಇಟ್ಟಿರಬಹುದು, ಇನ್ನೊಬ್ಬರು ಎಳೆಯ ವಯಸ್ಸಿಗೇ ಹೋದ ಮಗಳ ನೆನಪಿಗೆ. ಇಪ್ಪತ್ತು ಬೇರೆ ಬೇರೆ ಮನುಷ್ಯರ ನೆನಪು ಕೊನೆಗೆ ಒಂದೇ ಅಂಕಪಟ್ಟಿಗೆ ಜೋತುಬಿದ್ದರೆ, ಇಪ್ಪತ್ತು ಹೆಸರುಗಳ ಅಗತ್ಯವಾದರೂ ಏನಿತ್ತು? ಅಂಕವನ್ನೇ ಅಳತೆ ಮಾಡಿಕೊಂಡರೆ ಹೀಗಾಗದೆ ಬೇರೆ ದಾರಿಯಿಲ್ಲ. ಮೊದಲ ಸ್ಥಾನ ಇರುವುದು ಒಂದೇ.

ನೆನಪಿಗೂ ಆಯ್ಕೆಗೂ ನಂಟು ಇರಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲೇ ಹಳೆಯ ಮಾದರಿ ಇದೆ. ದೊರಾಬ್ಜಿ ಟಾಟಾ ಅವರ ಹೆಂಡತಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ಅವರ ನೆನಪಿಗೆ ಹುಟ್ಟಿದ ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ತನ್ನ ನೆರವಿನ ಬಹುಪಾಲನ್ನು ರಕ್ತದ ಕ್ಯಾನ್ಸರ್ ಕುರಿತ ಸಂಶೋಧನೆಗೆ ಮೀಸಲಿಟ್ಟಿತು. ಆಕೆಯನ್ನು ಕೊಂದ ರೋಗದ ಬೆನ್ನುಹತ್ತಿದವರಿಗೆ ಆಕೆಯ ಹೆಸರಿನ ಹಣ. ಅಲ್ಲಿ ಹೆಸರು ಬರಿಯ ಹೆಸರಲ್ಲ.

ಈಗ ಎದುರಾಳಿಗಳ ದೊಡ್ಡ ಮಾತಿಗೆ ಬರುತ್ತೇನೆ: ಅಂಕ ಬಿಟ್ಟರೆ ವಶೀಲಿ, ಜಾತಿ, ಮುಖಸ್ತುತಿ. ಈ ಭಯ ಸುಳ್ಳಲ್ಲ. ಅವರ ಪರವಾಗಿ ಅತ್ಯಂತ ಗಟ್ಟಿಯಾದ ಸಾಕ್ಷಿಯನ್ನು ನಾನೇ ತರುತ್ತೇನೆ, ಅದೂ ಬೆಂಗಳೂರಿನಿಂದ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗಳಾಗಿ ಬಂದ ಕಮಲಾ ಭಾಗವತ್ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ನೊಬೆಲ್ ಪಡೆದು ಮೂರು ವರ್ಷವಾಗಿದ್ದವರು, ಹೆಂಗಸೆಂಬ ಕಾರಣಕ್ಕೆ ಬೇಡ ಎಂದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು: ಮೊದಲ ಒಂದು ವರ್ಷ ಪರೀಕ್ಷಾರ್ಥ, ಕೆಲಸ ನೋಡಿ ತೃಪ್ತಿಯಾದರೆ ಮಾತ್ರ ಮನ್ನಣೆ. ಅಂಕವೊಂದೇ ನಿಯಮವಾಗಿದ್ದಿದ್ದರೆ ಅವರಿಗೆ ಆ ಅವಮಾನ ಆಗುತ್ತಿರಲಿಲ್ಲ. ನಿಜ.

ಆದರೆ ಕತೆಯ ಮುಂದಿನ ಭಾಗವನ್ನೂ ನೋಡಬೇಕು. ಅರ್ಜಿ ಬಂದ ದಿನ ರಾಮನ್ ಅವರು ಕಮಲಾ ಅವರ ಕೆಲಸವನ್ನು ತೂಗಲಿಲ್ಲ, ನೋಡಲೂ ಇಲ್ಲ. ಅರ್ಜಿಯ ಮೇಲಿನ ಹೆಣ್ಣು ಹೆಸರನ್ನು ಮಾತ್ರ ನೋಡಿದರು. ಪೂರ್ವಗ್ರಹ ಎಂದರೆ ಅದೇ, ನೋಡುವ ಮೊದಲೇ ತೀರ್ಮಾನಿಸುವುದು. ಆಕೆಯ ಅಂಕಪಟ್ಟಿಗೆ ಆ ಪೂರ್ವಗ್ರಹವನ್ನು ಮುರಿಯುವ ಶಕ್ತಿ ಇರಲಿಲ್ಲ. ಮುರಿದದ್ದು ಪ್ರಯೋಗಶಾಲೆಯಲ್ಲಿ ಒಂದು ವರ್ಷ ಕಣ್ಣೆದುರು ನಡೆದ ಕೆಲಸ. ವರ್ಷದ ಕೊನೆಗೆ ರಾಮನ್ ಒಪ್ಪಿದರು. ಕಮಲಾ 1939ರಲ್ಲಿ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ನಾಡಿಗೆಲ್ಲ ಪರಿಚಿತರಾದ ಜೀವರಸಾಯನ ವಿಜ್ಞಾನಿ ಅವರೇ. ಪಕ್ಷಪಾತಕ್ಕೆ ಮದ್ದು ಕೆಲಸದತ್ತ ಕಣ್ಣು ಮುಚ್ಚಿಕೊಳ್ಳುವುದಲ್ಲ, ಕಣ್ಣು ತೆರೆದು ನೋಡುವಂತೆ ಆಯ್ಕೆ ಮಾಡುವವರನ್ನು ಕಟ್ಟಿಹಾಕುವುದು.

ಇನ್ನು, ಅಂಕದಲ್ಲಿ ವಶೀಲಿ ಇಲ್ಲ ಎಂದವರು ಯಾರು? ಇಂಟರ್ನಲ್ ಅಂಕ ಕೊಡುವವರು ನಾವೇ. ಪ್ರ್ಯಾಕ್ಟಿಕಲ್ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರ ಕಿವಿಯಲ್ಲಿ ‘ಇವನು ನಮ್ಮ ಹುಡುಗ’ ಎನ್ನುವವರೂ ನಾವೇ. ಆ ಅಂಕವೆಲ್ಲ ಒಟ್ಟು ಮೊತ್ತದೊಳಗೆ ಸೇರಿ, ಯಾರ ಮುಖವೂ ಕಾಣದ ಒಂದು ಸಂಖ್ಯೆಯಾಗಿ ಹೊರಬರುತ್ತದೆ. ಆಮೇಲೆ ಅದನ್ನು ತೋರಿಸಿ ನಾವು ಕೈ ತೊಳೆದುಕೊಳ್ಳುತ್ತೇವೆ. ಸಮಿತಿ ‘ಇವಳಿಗೆ, ಈ ಕಾರಣಕ್ಕೆ’ ಎಂದು ಬರೆದರೆ ಆ ಕಾರಣವನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಶೇ. 91.4 ಅನ್ನು ಪ್ರಶ್ನಿಸುವುದು ಹೇಗೆ?

‘ನೀವು ರಾಮಾನುಜನ್ ಕತೆ ಹೇಳುತ್ತೀರಿ, ಕೋಟಿಗೊಬ್ಬ ಅಂಥವನು’ ಎಂದು ಕೆಲವರು ಮುಂಚಿತವಾಗಿಯೇ ಬಾಯಿ ಮುಚ್ಚಿಸುತ್ತಾರೆ. ಹೌದು, ಹೇಳುತ್ತೇನೆ. ಆದರೆ ನಾನು ಹೇಳುವುದು ಪ್ರತಿಭೆಯ ಪವಾಡವನ್ನಲ್ಲ, ಅವರಿಗೆ ಬಂದ ಮತ್ತು ಕೈತಪ್ಪಿದ ಹಣದ ಲೆಕ್ಕವನ್ನು. 1904ರಲ್ಲಿ ಕುಂಭಕೋಣದ ಟೌನ್ ಹೈಸ್ಕೂಲಿನಲ್ಲಿ ಅವರಿಗೆ ಗಣಿತಕ್ಕಾಗಿ ಕೆ. ರಂಗನಾಥ ರಾವ್ ಹೆಸರಿನ ಬಹುಮಾನ ಬಂತು. ಈ ಹುಡುಗನಿಗೆ ಪೂರ್ಣ ಅಂಕವೂ ಸಾಲದು ಎಂಬರ್ಥದ ಮಾತು ಮುಖ್ಯೋಪಾಧ್ಯಾಯರು ಆಡಿದ್ದರು. ಅಂಕದ ಮಿತಿಯನ್ನು ಅಂಕ ಕೊಡುವವರೇ ಒಪ್ಪಿಕೊಂಡ ಗಳಿಗೆ ಅದು. ಅಲ್ಲಿಂದ ಸರ್ಕಾರಿ ಕಾಲೇಜಿಗೆ ವಿದ್ಯಾರ್ಥಿವೇತನದ ಮೇಲೆ ಹೋದರು. ಗಣಿತ ಬಿಟ್ಟು ಮಿಕ್ಕ ವಿಷಯಗಳಲ್ಲಿ ಸೋತರು, ವೇತನ ಹೋಯಿತು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಿಂದ ಎಫ್.ಎ. ಪರೀಕ್ಷೆಗೆ ಕೂತು ನಪಾಸಾದರು, ಮರುವರ್ಷ ಮತ್ತೆ ನಪಾಸಾದರು. 1912ರಲ್ಲಿ ಮದರಾಸು ಪೋರ್ಟ್ ಟ್ರಸ್ಟಿನಲ್ಲಿ ಗುಮಾಸ್ತಗಿರಿ.

1913ರಲ್ಲಿ ಮದರಾಸು ವಿಶ್ವವಿದ್ಯಾಲಯ ಪದವಿಯೇ ಇಲ್ಲದ ಈ ಮನುಷ್ಯನಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಪದವಿಗೆ ಬದಲು ಅದು ಕೇಳಿದ್ದು ಮೂರು ತಿಂಗಳಿಗೊಮ್ಮೆ ಒಂದು ವರದಿ, ಏನು ಮಾಡಿದಿರಿ ಬರೆದುಕೊಡಿ ಎಂದು. ಆ ವರದಿಗಳನ್ನು ಗಣಿತಜ್ಞರು ಇವತ್ತಿಗೂ ಓದುತ್ತಾರೆ. ನನ್ನ ಬೇಡಿಕೆ ಇಷ್ಟೇ: 110 ವರ್ಷಕ್ಕೂ ಹಿಂದೆ, ಪರದೇಶಿ ಆಳ್ವಿಕೆಯ ಒಂದು ವಿಶ್ವವಿದ್ಯಾಲಯ ಒಬ್ಬ ಗುಮಾಸ್ತನ ಬಗ್ಗೆ ತೋರಿಸಿದ ಧೈರ್ಯದಲ್ಲಿ ನೂರರ ಒಂದು ಪಾಲನ್ನು ನಾವು ಏಳು ನೂರು ರೂಪಾಯಿಯ ದತ್ತಿ ಬಹುಮಾನದಲ್ಲಿ ತೋರಿಸೋಣ. ರಾಮಾನುಜನ್ ಕೋಟಿಗೊಬ್ಬರೇ ಇರಬಹುದು. ವೇತನ ಕೈತಪ್ಪಿ ಓದು ಬಿಟ್ಟವರು ಕೋಟಿಗೊಬ್ಬರಲ್ಲ.

ಅನ್ನಾ ಮಣಿ ಅವರದು ಇನ್ನೊಂದು ನೋವು. ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರಗಳ ಮೇಲೆ ಬಿದ್ದ ಬೆಳಕನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1945ರಲ್ಲಿ ಪ್ರಬಂಧ ಒಪ್ಪಿಸಿದರು. ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ಸಿಗಲಿಲ್ಲ. ಕೆಲಸ ಮೇಜಿನ ಮೇಲಿತ್ತು, ಕೊರತೆಯಿದ್ದದ್ದು ಕಾಗದದಲ್ಲಿ. ಅದೇ ವರ್ಷ ಇಂಗ್ಲೆಂಡಿಗೆ ಹೋಗಲು ವಿದ್ಯಾರ್ಥಿವೇತನ ದೊರೆಯಿತು. ಮುಂದೆ ನಮ್ಮ ಹವಾಮಾನ ಇಲಾಖೆಯ ಉಪಕರಣಗಳು ಈ ದೇಶದಲ್ಲೇ ತಯಾರಾಗುವಂತೆ ಮಾಡಿದವರು ಅವರು.

‘ಇದೆಲ್ಲ ದೊಡ್ಡ ಮಾತು, ನೂರಾರು ಮಕ್ಕಳ ನಡುವೆ ಕೆಲಸ ನೋಡಿ ಆರಿಸುವುದು ಸಾಧ್ಯವೇ?’ ಸಾಧ್ಯ. ಈ ದೇಶ ಅದನ್ನು ಮಾಡಿ ತೋರಿಸಿದೆ. 1963ರಲ್ಲಿ ಎನ್‌ಸಿಇಆರ್‌ಟಿ ದಿಲ್ಲಿಯಲ್ಲಿ ವಿಜ್ಞಾನ ಪ್ರತಿಭಾನ್ವೇಷಣೆ ಶುರುಮಾಡಿದಾಗ ಕೊಟ್ಟದ್ದು 10 ವಿದ್ಯಾರ್ಥಿವೇತನ. ಮರುವರ್ಷ ದೇಶಕ್ಕೆಲ್ಲ ಹರಡಿದಾಗ 350. ಮೂಲ ವಿಜ್ಞಾನ ಓದುವವರಿಗೆ ಮಾತ್ರ ಮೀಸಲು. ಅದರಲ್ಲಿ ಬರವಣಿಗೆಯ ಪರೀಕ್ಷೆಯ ಜೊತೆಗೆ ಪ್ರಬಂಧವಿತ್ತು, ವಿದ್ಯಾರ್ಥಿ ಒಪ್ಪಿಸಬೇಕಾದ ಪ್ರಾಜೆಕ್ಟ್ ವರದಿಯಿತ್ತು, ಸಂದರ್ಶನವಿತ್ತು. ಕಂಪ್ಯೂಟರು, ಇಂಟರ್ನೆಟ್ಟು ಏನೂ ಇಲ್ಲದ ಕಾಲದಲ್ಲಿ, ಆ ಪ್ರಾಜೆಕ್ಟ್ ವರದಿಗಳನ್ನೂ ಓದಿ ಆರಿಸಿದರು. ಎಪ್ಪತ್ತರ ದಶಕದ ನಡುವಿನಲ್ಲಿ ಆ ಯೋಜನೆಯ ಸ್ವರೂಪ ಬದಲಾಗಿ ಎಲ್ಲ ವಿಷಯಗಳಿಗೂ ತೆರೆದುಕೊಂಡಿತು. 1999ರಲ್ಲಿ ಶುರುವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೇ ನಡೆಸುತ್ತಿತ್ತು. ಬಾಯಿಪಾಠಕ್ಕೆ ಸುಲಭವಾಗಿ ಬಗ್ಗದ ಪರೀಕ್ಷೆ, ಬಹುಕಾಲ ಅದರ ಹಿಂದೆ ಸಂದರ್ಶನ. 2022ರಲ್ಲಿ ಅದನ್ನು ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಸಿಬಿಟ್ಟರು. ಇನ್‌ಸ್ಪೈರ್‌ನ ಮುಖ್ಯ ಹೆಬ್ಬಾಗಿಲು ಯಾವುದು? ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಮೊದಲ ಶೇ. 1ರೊಳಗೆ ಬಂದಿರುವುದು. ವರ್ಷಕ್ಕೆ 80,000 ರೂಪಾಯಿಯ ಒಳ್ಳೆಯ ನೆರವು ಅದು, ಬೇಡ ಎನ್ನಲಾರೆ. ಆದರೆ ಬೇರೆ ರೀತಿಯಲ್ಲಿ ಹುಡುಕುತ್ತಿದ್ದ ಒಂದು ಕಣ್ಣನ್ನು ನಾವು ಮುಚ್ಚಿದೆವು, ಮತ್ತು ಅದಕ್ಕೆ ಕಾಲೇಜುಗಳಲ್ಲಿ ಒಂದು ಸಣ್ಣ ಗೊಣಗೂ ಏಳಲಿಲ್ಲ.

ಸಂದರ್ಶನದ ಬಗ್ಗೆ ಮಾತ್ರ ನನಗೂ ಅಳುಕಿದೆ. ಹಳ್ಳಿಯ ದಲಿತ ಹುಡುಗಿ ಐದು ಜನ ಕುರ್ಚಿಯಲ್ಲಿ ಕೂತ ಕೋಣೆಗೆ ಬಂದಾಗ ಅಲ್ಲಿ ತೂಗುವುದು ಅವಳ ಇಂಗ್ಲಿಷನ್ನು, ಬಟ್ಟೆಯನ್ನು, ಹೆಸರಿನ ಹಿಂದಿನ ಊರನ್ನು. ಕಾಲೇಜಿನ ಮಟ್ಟದಲ್ಲಿ ಅದು ಬೇಡ. ಪುಸ್ತಕ ನೋಡಿ. ಪ್ರ್ಯಾಕ್ಟಿಕಲ್ ಮಾಡುವಾಗ ಸೀಸದಕಡ್ಡಿಯಲ್ಲಿ ಗೀಚಿದ ರಫ್ ಪುಸ್ತಕ ಇರುತ್ತದಲ್ಲ, ಅದನ್ನು. ಆಮೇಲೆ ನೋಡಿ ಬರೆದ ಫೇರ್ ರೆಕಾರ್ಡನ್ನಲ್ಲ. ಅರ್ಜಿ ಹಾಕುವ ವಿದ್ಯಾರ್ಥಿ ತಾನು ಮಾಡಿದ ಒಂದು ಪ್ರಯೋಗದ ಬಗ್ಗೆ, ಎಲ್ಲಿ ಎಡವಿದೆ, ಏಕೆ ಎಡವಿದೆ ಎಂದು ಎರಡು ಪುಟ ಬರೆಯಲಿ, ಕನ್ನಡದಲ್ಲೇ ಬರೆಯಲಿ. ಹೆಸರಿನ ಜಾಗಕ್ಕೆ ಉತ್ತರಪತ್ರಿಕೆಯಂತೆ ಸಂಕೇತ ಸಂಖ್ಯೆ ಬರಲಿ. ನಮಗೆ ಮಕ್ಕಳ ಕೈಬರಹ ಗೊತ್ತಿರುವುದರಿಂದ ಓದುವ ಇಬ್ಬರಲ್ಲಿ ಒಬ್ಬರು ಪಕ್ಕದ ಊರಿನ ಕಾಲೇಜಿನವರಾಗಿರಲಿ. ಆಯ್ಕೆಯ ಕಾರಣ ಐದು ವಾಕ್ಯದಲ್ಲಿ ನೋಟಿಸ್ ಬೋರ್ಡಿಗೆ ಬರಲಿ. ಹೆಚ್ಚೆಂದರೆ ಒಂದು ಮಧ್ಯಾಹ್ನದ ಕೆಲಸ. ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡ ಕಾಲೇಜುಗಳಲ್ಲಿ ಆ ಮಧ್ಯಾಹ್ನವೂ ದುಬಾರಿ ಎಂದು ಬಲ್ಲೆ. ಆದರೆ ಲ್ಯಾಬಿನಲ್ಲಿ ಯಾರು ನಿಜವಾಗಿ ಕೆಲಸ ಮಾಡುತ್ತಾರೆ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ. ಅವರನ್ನು ಯಾವ ಸಮಿತಿಗೂ ಕರೆಯುವುದಿಲ್ಲ.

ಸಸ್ಯಶಾಸ್ತ್ರಕ್ಕೆ ಇದು ಇನ್ನೂ ಸುಲಭ. ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ ಓದಿದವರಿಗೆ ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿ ಗಿಡ ಹುಡುಕುವ ಕಲಿಕೆ ಹೇಗಿರುತ್ತದೆ ಎಂದು ವಿವರಿಸಬೇಕಿಲ್ಲ. ಹಿತ್ತಲಿನ ಮುರುಗಲು ಮರ ಏಕೆ ಒಂದೂ ಕಾಯಿ ಬಿಡುವುದಿಲ್ಲ ಎಂದು ಮೂರು ವರ್ಷ ಹೂವು ಬಿಡಿಸಿ ನೋಡಿ, ಅದು ಗಂಡು ಮರ ಎಂದು ತಾನೇ ಕಂಡುಕೊಂಡ ಮಲೆನಾಡಿನ ಹುಡುಗಿಗೆ ಆ ವಿಷಯದ ಪತ್ರಿಕೆಯಲ್ಲಿ ಎಷ್ಟು ಅಂಕ ಬಂತು ಎಂಬುದರಿಂದ ಏನು ತಿಳಿಯುತ್ತದೆ?

ಹಣ ಕೊಡುವ ಹೊತ್ತಿನ ಬಗ್ಗೆಯೂ ಒಂದು ಮಾತು. ಬಹುಮಾನ ಬೇರೆ, ವಿದ್ಯಾರ್ಥಿವೇತನ ಬೇರೆ. ಮಾಡಿದ್ದಕ್ಕೆ ಮೆಚ್ಚುಗೆ ಬಹುಮಾನ. ಮುಂದೆ ಮಾಡಲು ಆಸರೆ ವೇತನ. ನಾವು ಎರಡನ್ನೂ ಫಲಿತಾಂಶ ಬಂದಮೇಲೆ, ವಾರ್ಷಿಕೋತ್ಸವದ ವೇದಿಕೆಯಲ್ಲಿ, ಅಂಕದ ಪಟ್ಟಿ ನೋಡಿಯೇ ಕೊಡುತ್ತೇವೆ. ರಾತ್ರಿ ಪೆಟ್ರೋಲ್ ಬಂಕಿನಲ್ಲಿ ದುಡಿದು ಬೆಳಿಗ್ಗೆ ಲ್ಯಾಬಿಗೆ ತೂಕಡಿಸುತ್ತ ಬರುವ ಹುಡುಗನಿಗೆ ಆ ಹಣ ಬೇಕಿದ್ದದ್ದು ಆರು ತಿಂಗಳ ಹಿಂದೆ, ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ. ಅವನಿಗೆ ಅಂಕ ಕಡಿಮೆ ಬರುವುದಕ್ಕೂ ಅದೇ ಕಾರಣ.

ಆ 1008ರ ಹುಡುಗ ಈಗೆಲ್ಲಿದ್ದಾನೆ ಎಂದು ನನಗೆ ಗೊತ್ತಿಲ್ಲ. ಎಂ.ಎಸ್ಸಿ.ಗೆ ಹೋಗಲಿಲ್ಲ ಎಂದಷ್ಟೇ ತಿಳಿಯಿತು. ಕಳೆದ ತಿಂಗಳು ಅವನ ರೆಕಾರ್ಡ್ ಸಿಗುತ್ತದೇನೋ ಎಂದು ಹಳೆಯ ಕಾಲೇಜಿಗೆ ಹೋಗಿದ್ದೆ. ಅಟೆಂಡರ್ ಅದೇ ಹಳಬರು. ‘ಅವೆಲ್ಲ ಆಗಲೇ ರದ್ದಿಗೆ ಹೋದವು ಸಾರ್’ ಎಂದರು. ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ರೆಕಾರ್ಡುಗಳನ್ನೆಲ್ಲ ಕಟ್ಟಿ ತೂಕಕ್ಕೆ ಹಾಕುತ್ತಾರಂತೆ. ಅಂಕಗಳ ಲೆಡ್ಜರ್ ಮಾತ್ರ ಕಬ್ಬಿಣದ ಬೀರುವಿನಲ್ಲಿ ಭದ್ರವಾಗಿದೆ. ಹೊರಡುವ ಮುಂಚೆ ಪ್ರಾಂಶುಪಾಲರಿಗೆ ಎರಡು ಸಾಲು ಬರೆದುಕೊಟ್ಟು ಬಂದೆ: ಈ ವರ್ಷದ ದತ್ತಿ ಸಮಿತಿ ಸೇರುವ ತನಕ ರಫ್ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ, ಸೇರಿದ ದಿನ ಮೇಜಿನ ಮೇಲೆ ಅಂಕಪಟ್ಟಿಗಿಂತ ಮೊದಲು ಆ ತಾಯಿಯ ಒಂದೂವರೆ ಪುಟದ ಕಾಗದ ಇಡಿಸಿ, ನೀಲಿ ಶಾಯಿಯ ಟಿಪ್ಪಣಿಯನ್ನು ಬಿಟ್ಟು ಓದಿ.